ಕಂಪ್ಲಿಯ ಎಂಟು ಪಾಳಿ

ನಮ್ಮ ಚಿಗವ್ವ ಅಕ್ಕನಾಗಮ್ಮ ಇಂಗ್ಲೆಂಡಿಗೆ ಹೋಗುತ್ತೇನೆ ಎಂದಾಗ ಮನೆಯಲ್ಲಿ ಮೊದಲು ನಕ್ಕವಳು ನಾನೇ. ಟಿ.ಬಿ. ಡ್ಯಾಂನ ಕಾಲುವೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ರೆಕಾರ್ಡ್ ರೂಮು ನೋಡಿಕೊಂಡು ನಿವೃತ್ತಳಾದ ಹೆಂಗಸು. ಇಂಗ್ಲೆಂಡಿನ ಒಂದು ಪತ್ರಾಗಾರದಲ್ಲಿ ನಮ್ಮ ಕಡೆಯ ಹಳೆಯ ಕಾಗದಪತ್ರಗಳ ಫೋಟೊ ತೆಗೆದು ಕಂಪ್ಯೂಟರಿಗೆ ಏರಿಸಲು ಮೂರು ತಿಂಗಳ ಮಟ್ಟಿಗೆ ಸ್ವಯಂಸೇವಕರು ಬೇಕಾಗಿದ್ದರು. ಅರ್ಜಿ ತುಂಬಿಕೊಟ್ಟವಳೂ ನಾನೇ, ಹೇಗೂ ಸಿಗುವುದಿಲ್ಲ ಎಂಬ ಧೈರ್ಯದ ಮೇಲೆ.

“ಯಾಕ ಹೋಗ್ತಿ ಚಿಗವ್ವ? ಹಂಪಿ ನೋಡಾಕ ಅವರ ಇಲ್ಲಿಗೆ ಬರ್ತಾರಲ್ಲ,” ಎಂದೆ.

“ಅವರು ಕಲ್ಲು ನೋಡಾಕ ಬರ್ತಾರ ಕಾವ್ಯಾ. ನಾ ಕಾಗದ ನೋಡಾಕ ಹೋಗ್ತೀನಿ.”

ಸಿಕ್ಕೇಬಿಟ್ಟಿತು. ಅಲ್ಲಿ ಮೊದಲ ವಾರ ಅವಳಿಗೆ ಚೀಟಿ ಅಂಟಿಸುವ ಕೆಲಸ. ಅವಳದು ಹೊಸಪೇಟೆ ಬಸ್‌ಸ್ಟ್ಯಾಂಡಿನ ಇಂಗ್ಲಿಷು. ಮುಖ್ಯಸ್ಥೆ ಹೆಲೆನ್‌ಗೆ ಇವಳ ಮೇಲೆ ಅಷ್ಟೇನೂ ನಂಬಿಕೆ ಬಂದಿರಲಿಲ್ಲ. ಎರಡನೇ ವಾರ, ಕಂಪ್ಲಿ ಕಡೆ ಕೆಲಸ ಮಾಡಿದ್ದ ಯಾರೋ ಸಾಹೇಬನ ಪೆಟ್ಟಿಗೆ ತೆರೆದರು. ಒಳಗೆ ಮಡಿಚಿಟ್ಟ ಹದಿನೆಂಟು ಕಪ್ಪು ಬಟ್ಟೆಯ ಪಟ್ಟಿಗಳು, ಮೇಲೆಲ್ಲ ಬಿಳಿ ಪುಡಿ. ಫೋಟೊ ತೆಗೆಯುವ ಮುಂಚೆ ಧೂಳು ತೆಗೆಯುವುದು ಅಲ್ಲಿಯ ಪದ್ಧತಿ. ಹೆಲೆನ್ ಮೆತ್ತನೆಯ ಬ್ರಷ್ಷಿನಿಂದ ಎರಡು ಮಡಿಕೆ ಒರೆಸಿಯೂ ಆಗಿತ್ತು.

“ಬ್ಯಾಡ್ರೀ, ಮುಟ್ಟಬ್ಯಾಡ್ರಿ,” ಎಂದು ಚಿಗವ್ವ ಕನ್ನಡದಲ್ಲೇ ಹೇಳಿ ಅವಳ ಕೈ ಹಿಡಿದುಕೊಂಡಳಂತೆ.

ಅದು ಧೂಳಲ್ಲ, ಬರಹ. ಚಿಗವ್ವನ ಅಜ್ಜಿ ಮುದುಕಮ್ಮ ಹುಣಸೆಬೀಜ ಬೇಯಿಸಿ ಅರೆದು, ಇದ್ದಿಲ ಪುಡಿ ಕಲಸಿ, ಬಟ್ಟೆಗೆ ಬಳಿದು ಒಣಗಿಸಿ ಇಂಥ ಕಡತ ಮಾಡುತ್ತಿದ್ದಳು. ಅಜ್ಜ ಬಳಪದಲ್ಲಿ ಬರೆಯುತ್ತಿದ್ದ, ಬೇಡವಾದರೆ ಒರೆಸಿ ಮತ್ತೆ ಬರೆಯುತ್ತಿದ್ದ. ಆ ಕೂಡುಬರಹ ಓದಲು ಮೊಮ್ಮಗಳಿಗೂ ಕಲಿಸಿದ್ದ.

ಚಿಗವ್ವ ಮೂರನೇ ಮಡಿಕೆ ಬಿಡಿಸಿ ಓದಿದಳು. ಕಾಲುವೆ ನೀರು ಯಾರ ಗದ್ದೆಗೆ ಯಾವಾಗ ಎಂಬ ಪಾಳಿಯ ಪಟ್ಟಿ. ಅಂಥದೇ ಪಟ್ಟಿಯೊಂದನ್ನು ಸಾಹೇಬ ತನ್ನ ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ಇಳಿಸಿಕೊಂಡದ್ದು ಹೆಲೆನ್‌ಗೆ ನೆನಪಾಯಿತು. ಅದನ್ನು ತಂದು, ಇವಳಿಗೆ ಕಾಣದಂತೆ ಹಿಡಿದು, “ಈಗ ಓದಿ,” ಎಂದಳು. ಹೊಂದಿಕೆಯಾಗದಿದ್ದರೆ ಉಳಿದ ಹದಿನೇಳು ಕಡತಕ್ಕೂ ಬ್ರಷ್ಷೇ ಗತಿ.

ಎರ್ರಿಯಪ್ಪ. ಕೊಟ್ರಯ್ಯ. ಶಂಭುಲಿಂಗ. ಎರ್ರೆಪ್ಪ. ಪ್ರತಿ ಹೆಸರಿಗೂ ಹೆಲೆನ್ ತಲೆಯಾಡಿಸಿದಳು. ಐದನೆಯದು ಹುಲುಗಮ್ಮ.

“ಇಲ್ಲ, ಈ ಪಟ್ಟಿಯಲ್ಲಿ ಆ ಹೆಸರಿಲ್ಲ,” ಎಂದಳು ಹೆಲೆನ್.

ಚಿಗವ್ವ ಮೊಬೈಲ್ ಟಾರ್ಚು ಹಚ್ಚಿ, ಬೆಳಕನ್ನು ಓರೆಯಾಗಿ ಹಿಡಿದು ಮತ್ತೆ ನೋಡಿದಳು. ಹುಲುಗಮ್ಮನೇ, ಅನುಮಾನವಿಲ್ಲ. ಉಳಿದ ಮೂರನ್ನೂ ಓದಿ ಮುಗಿಸಿದಳು, ಅವು ಹೊಂದಿದವು. ಆಮೇಲೆ ತನ್ನ ಬಸ್‌ಸ್ಟ್ಯಾಂಡ್ ಇಂಗ್ಲಿಷಿನಲ್ಲೇ ಕೇಳಿದಳು, ಸಾಹೇಬ ಮೇಲೆ ಎಷ್ಟು ಪಾಳಿ ಎಂದು ಬರೆದಿದ್ದಾನೆ, ಕೆಳಗೆ ಎಷ್ಟು ಹೆಸರಿವೆ, ಎಣಿಸಿ ಎಂದು.

ಮೇಲೆ ಎಂಟು ಪಾಳಿ ಎಂದಿತ್ತು. ಕೆಳಗೆ ಏಳೇ ಹೆಸರು. ಹೆಲೆನ್ ಎರಡು ಸಲ ಎಣಿಸಿ, ಬ್ರಷ್ಷನ್ನು ಡ್ರಾಯರಿಗೆ ಹಾಕಿ, ಚಿಗವ್ವನಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟಳು. ಫೋನಿನಲ್ಲಿ ಇದನ್ನು ಕೇಳಿ ನಾನು ದೋಣಿಮಲೈ ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ.

ಅಲ್ಲಿಂದ ಮುಂದೆ ಚಿಗವ್ವ ಹೇಳಿದ್ದೇ ನಡೆಯಿತು. ಗಾಜು ಒತ್ತುವ ಸ್ಕ್ಯಾನರ್ ಬಿಟ್ಟು ಮೇಲಿನಿಂದ ಕ್ಯಾಮೆರಾ ಹಿಡಿದರು, ಬೆಳಕು ಓರೆಗೆ ಇಟ್ಟರು. ಒಂದೊಂದು ಮಡಿಕೆಯನ್ನೂ ಅವಳೇ ಬಿಡಿಸಿದಳು. ಹದಿನೆಂಟೂ ಕಂಪ್ಯೂಟರಿಗೆ ಏರಿದವು. ಅಳಿಸಿಹೋದ ಎರಡು ಮಡಿಕೆಯ ಮಾತು ಬಂದರೆ ಅವಳಿಗೆ ಇವತ್ತಿಗೂ ಸಂಕಟ.

ಹೋದ ವಾರ ಹೆಲೆನ್‌ಳ ಕಾಗದ ಬಂತು. ಇನ್ನೊಂದು ಪೆಟ್ಟಿಗೆ ಸಿಕ್ಕಿದೆ, ಈ ಸಲ ಅಲ್ಲಿಯವರಿಗೆ ಕಲಿಸಲು ಬರಬೇಕು ಎಂದು. ಓದಿ ಹೇಳಿದೆ.

“ಬ್ಯಾಸಗಿ ಸಂಡಗಿ ಹಾಕಿ ಬರ್ತೀನಿ ಅಂತ ಬರಿ,” ಎಂದಳು. “ಅಲ್ಲೀತನ ಯಾರೂ ಪೆಟಗಿ ತಗೀಬ್ಯಾಡ್ರಿ ಅಂತನೂ ಬರಿ.”