ಬರೆದು ಕೊಡದ ಒಂದು ‘ಹೂಂ’

ಮೂರು ವರ್ಷಗಳ ಹಿಂದೆ ನಾನು ಧಾರವಾಡದ ಹೊರವಲಯದಲ್ಲಿರುವ ವಿಮಾನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಸಪ್ಲಾಯರ್ ಕ್ವಾಲಿಟಿ ಎಂಜಿನಿಯರ್ ಆಗಿದ್ದೆ. ಎಂ.ಟೆಕ್. ಮುಗಿಸಿ ಎರಡನೆಯ ವರ್ಷ. ವಾಸ ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ. ನಮಗೆ ಬಿಡಿಭಾಗ ಪೂರೈಸುವ ಹನ್ನೊಂದು ಸಣ್ಣ ವರ್ಕ್‌ಶಾಪ್‌ಗಳ ಗುಣಮಟ್ಟ ನನ್ನ ಹೊಣೆಯಾಗಿತ್ತು. ಅವುಗಳಲ್ಲಿ ಒಂದಕ್ಕೆ ನಾನು ಮಾಡಿದ ಅನ್ಯಾಯವನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಆ ವರ್ಕ್‌ಶಾಪ್ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿತ್ತು. ಕಂಪ್ಯೂಟರ್ ನಿಯಂತ್ರಿತ ಎರಡು ಸಿಎನ್‌ಸಿ ಯಂತ್ರ, ಎಂಟು ಕೆಲಸಗಾರರು. ಮಾಲೀಕ ಮಹಾದೇವಪ್ಪನವರು ಕಮರಿಪೇಟೆಯವರು, ಮೂವತ್ತು ವರ್ಷ ಲೇಥ್ ಮುಂದೆ ನಿಂತವರು. ನನಗೆ ಅವರು ಕಾಕಾ. ಅವರಿಗೆ ನಾನು ತಂಗೆವ್ವ. ಮೊದಲ ಭೇಟಿಯಲ್ಲೇ ನಾನು, ಪ್ರತಿಯೊಂದು ಬದಲಾವಣೆಗೂ ಲಿಖಿತ ಅನುಮತಿ ಕಡ್ಡಾಯವೆಂದು ಅರ್ಧ ತಾಸು ಉಪನ್ಯಾಸ ಕೊಟ್ಟಿದ್ದೆ.

“ಮಾತು ಕೊಟ್ಟ ಮ್ಯಾಲೆ ಕಾಗದ ಕೇಳೂದಂದ್ರ ನಮ್ಮ ಮಂದ್ಯಾಗ ಅಪಮಾನ, ತಂಗೆವ್ವಾ,” ಎಂದು ಅವರು ನಕ್ಕಿದ್ದರು. “ಆದ್ರ ನೀ ಇಷ್ಟು ಓದಿದಾಕಿ. ಹೇಳ್ತಿ ಅಂದ್ಮ್ಯಾಲೆ ಕೇಳೂಣಂತ.”

ಅಂದಿನಿಂದ ಡ್ರಿಲ್ ಬಿಟ್ ಬದಲಿಸಿದರೂ ಅವರಿಂದ ಮೇಲ್ ಬರುತ್ತಿತ್ತು.

ಅವರು ತಯಾರಿಸುತ್ತಿದ್ದದ್ದು ವಿಮಾನದ ಸರಕು ಕೋಣೆಯ ಬಾಗಿಲಿಗೆ ಕೂರುವ ಅಂಗೈಯಗಲದ ಅಲ್ಯೂಮಿನಿಯಂ ಬ್ರ್ಯಾಕೆಟ್. ಅದಕ್ಕೆ ಆನೊಡೈಸಿಂಗ್ ಆಗಬೇಕು. ಅಂದರೆ ರಾಸಾಯನಿಕ ತೊಟ್ಟಿಯಲ್ಲಿ ವಿದ್ಯುತ್ ಹಾಯಿಸಿ ಲೋಹದ ಮೇಲೆ ರಕ್ಷಣೆಯ ಪದರ ಬೆಳೆಸಬೇಕು. ಈ ಪದರದ ಒಳ್ಳೆಯದು ಕೆಟ್ಟದ್ದು ಕಣ್ಣಿಗೆ ತಿಳಿಯುವುದಿಲ್ಲ. ಆದ್ದರಿಂದಲೇ ನಮ್ಮಿಂದ ಕೊಳ್ಳುವ ಗ್ರಾಹಕ ಕಂಪನಿ ಒಪ್ಪಿದ ಘಟಕದಲ್ಲಿ ಮಾತ್ರ ಅದನ್ನು ಮಾಡಿಸಬೇಕೆಂಬ ನಿಯಮ. ನಮ್ಮ ಪಾಲಿಗೆ ಅಂಥ ಘಟಕ ಇದ್ದದ್ದು ಒಂದೇ, ಬೆಳಗಾವಿಯಲ್ಲಿ.

ಮಾರ್ಚ್ ತಿಂಗಳ ಒಂದು ಸೋಮವಾರ ಮಹಾದೇವಪ್ಪನವರ ಫೋನ್ ಬಂತು.

“ತಂಗೆವ್ವಾ, ಬೆಳಗಾವ್ಯಾಗ ಟ್ಯಾಂಕ್ ಕೆಟ್ಟೈತಂತ. ಎಂಟು ದಿನ ಹಿಡಿತೈತಿ. ಇಲ್ಲೇ ಹುಬ್ಬಳ್ಳ್ಯಾಗ ಒಬ್ಬಾಂವ ಅದಾನ, ಕೆಲಸ ಛಲೋ ಐತಿ. ಆದ್ರ ನಿಮ್ಮ ಕಂಪನಿ ಪಟ್ಟ್ಯಾಗ ಇಲ್ಲ. ಏನ್ ಮಾಡ್ಲಿ?”

ಕೆಲಸ ನಿಲ್ಲಿಸಿ, ಗ್ರಾಹಕರಿಗೆ ತಿಳಿಸುವೆ ಎನ್ನುವುದೊಂದೇ ಸರಿಯಾದ ಉತ್ತರವಾಗಿತ್ತು. ಆದರೆ ಶುಕ್ರವಾರ ಇನ್ನೂರ ನಲವತ್ತು ಬ್ರ್ಯಾಕೆಟ್‌ಗಳು ಹೊರಡಬೇಕಿತ್ತು. ತಡವಾದರೆ ನನ್ನ ಹೆಸರಿನ ಮುಂದೆ ಕೆಂಪು ಗುರುತು ಬೀಳುತ್ತಿತ್ತು.

“ಹೂಂ, ಅಲ್ಲೇ ಮಾಡಿಸ್ರಿ,” ಎಂದೆ.

“ಮೇಲ್ ಹಾಕ್ತಿಯೇನು?”

“ಯಾಕ್ರಿ ಕಾಕಾ, ನನ್ನ ಮ್ಯಾಲೆ ನಂಬಿಕಿ ಇಲ್ಲೇನು?”

“ಛೇ ಛೇ, ಹಂಗ್ಯಾಕಂತಿ? ನೀ ಅಂದ್ರ ಮುಗೀತು.”

ನಾನು ಕಲಿಸಿದ ನಿಯಮವನ್ನು ಅವರು ಪಾಲಿಸಲು ಹೊರಟಿದ್ದರು. ಮಾತೇ ಸಾಕೆಂಬ, ಅವರು ಬಿಟ್ಟುಕೊಟ್ಟಿದ್ದ ಹಳೆಯ ಮರ್ಯಾದೆಯನ್ನು ನಾನೇ ಎತ್ತಿ ತಂದು ಅವರ ಬಾಯಿ ಕಟ್ಟಿದೆ.

ಅವರು ಏನನ್ನೂ ಮುಚ್ಚಿಡಲಿಲ್ಲ. ಹುಬ್ಬಳ್ಳಿಯ ಘಟಕದ ಪ್ರಮಾಣಪತ್ರವನ್ನು ಇದ್ದಂತೆಯೇ ಸರಕಿನ ಕಾಗದಗಳಿಗೆ ಲಗತ್ತಿಸಿದ್ದರು. ಗ್ರಾಹಕರ ಕಡೆಯ ತಪಾಸಣೆಯಲ್ಲಿ ಅದು ಸಿಕ್ಕಿತು. ಇನ್ನೂರ ನಲವತ್ತೂ ತಿರಸ್ಕೃತವಾದವು.

ವಿಚಾರಣೆ ನಮ್ಮ ಸಭಾಕೋಣೆಯಲ್ಲಿ ನಡೆಯಿತು. ಗೋಡೆಯ ಮೇಲೆ ‘ಪೂರೈಕೆದಾರರೇ ನಮ್ಮ ಪಾಲುದಾರರು’ ಎಂಬ ಫಲಕ. ಗುಣಮಟ್ಟ ವಿಭಾಗದ ಮುಖ್ಯಸ್ಥರು ನೇರವಾಗಿ ಕೇಳಿದರು: “ಯಾರ ಅನುಮತಿ ಇತ್ತು?”

“ಫೋನಿನ್ಯಾಗ ಕೇಳಿದ್ನಿರಿ,” ಎಂದರು ಮಹಾದೇವಪ್ಪ.

“ಯಾರನ್ನ?”

ಅವರು ನನ್ನತ್ತ ನೋಡಿದರು. ನಾನು ಮುಂದಿದ್ದ ಬ್ರ್ಯಾಕೆಟ್ಟಿನ ಡ್ರಾಯಿಂಗ್ ನೋಡಿದೆ. ಅದರ ಪ್ರತಿಯೊಂದು ಅಳತೆಯೂ ನನಗೆ ಇಂದಿಗೂ ಬಾಯಿಪಾಠವಿದೆ. ಅಷ್ಟು ಹೊತ್ತು ನೋಡಿದ್ದೆ.

“ಬರದದ್ದು ಏನರೆ ಐತೇನ್ರಿ?”

“ಇಲ್ಲರಿ.” ಮತ್ತೆ ಅವರೇ ಅಂದರು, “ಇರ್ಲಿ ಬಿಡ್ರಿ. ತಪ್ಪು ನಂದ.”

ಮೂಲಕಾರಣದ ವರದಿ ಬರೆಯುವ ಕೆಲಸ ನನಗೇ ಬಂತು. ‘ಪೂರೈಕೆದಾರರಿಂದ ಪ್ರಕ್ರಿಯೆಯ ಉಲ್ಲಂಘನೆ’ ಎಂದು ಬರೆದು ಸಹಿ ಮಾಡಿದೆ. ಅವರ ವರ್ಕ್‌ಶಾಪನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು.

ಮೂರು ವಾರಗಳ ನಂತರ ಗೋಕುಲ ರಸ್ತೆಗೆ ಹೋದೆ. ಒಂದು ಸಿಎನ್‌ಸಿ ಯಂತ್ರಕ್ಕೆ ತಾಡಪತ್ರಿ ಹೊದಿಸಿತ್ತು. ಎಂಟು ಜನರಲ್ಲಿ ಐವರಷ್ಟೇ ಇದ್ದರು. ಮಹಾದೇವಪ್ಪನವರು ಲೇಥ್ ಮೇಲೆ ನೀರೆತ್ತುವ ಪಂಪಿನ ಶಾಫ್ಟ್ ಕಡೆಯುತ್ತಿದ್ದರು.

“ಕಾಕಾ, ಅವತ್ತು ನೀವ್ಯಾಕ ನನ್ನ ಹೆಸರು ಹೇಳ್ಲಿಲ್ಲ?”

ಅವರು ಯಂತ್ರ ನಿಲ್ಲಿಸಲಿಲ್ಲ. “ನೀವ ಹೇಳ್ತೀರಿ ಅಂತ ಕಾದ್ನಿರಿ.”

ನೀವು. ಅವರ ಬಾಯಲ್ಲಿ ನನಗೆ ಮೊದಲ ಸಲ ಬಹುವಚನ ಬಂದಿತ್ತು.

ಮರುದಿನ ವರದಿಯನ್ನು ತಿದ್ದಿ, ಫೋನಿನ ಮಾತುಕತೆಯನ್ನೂ ನನ್ನ ಹೆಸರನ್ನೂ ಸೇರಿಸಿ ಮುಖ್ಯಸ್ಥರ ಮುಂದಿಟ್ಟೆ. “ಫೈಲ್ ಮುಚ್ಚೇತಿ. ಯಾಕ ಸುಮ್ಮನ ಕೆದಕ್ತೀರಿ?” ಎಂದರು. ಅದೇ ಪ್ರತಿಯನ್ನು ಗ್ರಾಹಕ ಕಂಪನಿಗೂ ಕಳಿಸಿದೆ. ನನಗೆ ಎಚ್ಚರಿಕೆ ಪತ್ರ ಬಂತು. ಮಹಾದೇವಪ್ಪನವರಿಗೆ ಮರುಪರಿಶೀಲನೆಯ ಅವಕಾಶ ಸಿಕ್ಕಿತು. ಅದು ಮುಗಿದು ಅವರ ವರ್ಕ್‌ಶಾಪ್ ಮತ್ತೆ ಪಟ್ಟಿಗೆ ಸೇರಲು ಹತ್ತು ತಿಂಗಳು ಹಿಡಿಯಿತು. ಬಿಟ್ಟುಹೋದ ಮೂವರು ಕೆಲಸಗಾರರು ಮರಳಲಿಲ್ಲ. ನಾನು ಮಾಡಿದ್ದನ್ನು ಧೈರ್ಯವೆಂದು ಯಾರಾದರೂ ಕರೆದರೆ ಒಪ್ಪಲಾರೆ. ಧೈರ್ಯಕ್ಕೆ ಸಲ್ಲುವ ಗಳಿಗೆ ಸಭಾಕೋಣೆಯಲ್ಲೇ ಕಳೆದುಹೋಗಿತ್ತು.

ನಮ್ಮ ಉದ್ಯಮದಲ್ಲಿ ಟ್ರೇಸಬಿಲಿಟಿ ಎಂಬ ಪದವಿದೆ. ಒಂದು ಬ್ರ್ಯಾಕೆಟ್ ಕೈಗೆತ್ತಿಕೊಂಡರೆ ಅದರ ಲೋಹ ಯಾವ ಕುಲುಮೆಯಲ್ಲಿ ಕರಗಿತ್ತೆಂಬುದರವರೆಗೆ ಹಿಂದಕ್ಕೆ ಹೋಗಿ ತೋರಿಸಬೇಕು. ಎಂಟು ಜನರ ವರ್ಕ್‌ಶಾಪಿನಿಂದ ಈ ಲೆಕ್ಕವನ್ನು ಕೇಳುವ ದೊಡ್ಡ ಕಂಪನಿಗಳನ್ನು ನಾನು ಕೇಳುತ್ತೇನೆ: ನಿಮ್ಮ ಎಂಜಿನಿಯರುಗಳು ಫೋನಿನಲ್ಲಿ ಅಂದ ಮಾತು ಎಲ್ಲಿ ದಾಖಲಾಗಿದೆ? ಸಹಭಾಗಿತ್ವವೆಂದರೆ ಅವಸರ ನಮ್ಮದು, ತಪ್ಪು ಅವರದು ಎಂಬ ಹಂಚಿಕೆಯೇ? ನನ್ನನ್ನು ಹೊರಗಿಟ್ಟು ಈ ಪ್ರಶ್ನೆ ಕೇಳುವ ಹಕ್ಕು ನನಗಿಲ್ಲ. ಆ ಮಾತು ಆಡಿದವಳು ನಾನೇ.

ನಾನು ಈಗಲೂ ಅದೇ ಕೆಲಸದಲ್ಲಿದ್ದೇನೆ. ಕಳೆದ ತಿಂಗಳು ಮಹಾದೇವಪ್ಪನವರಿಂದ ಮತ್ತೆ ಫೋನ್ ಬಂತು. ಒಂದು ಟೂಲ್ ಬದಲಿಸಬೇಕಿತ್ತು. ನಿಯಮದಂತೆ ಎಲ್ಲವೂ ಸರಿಯಿತ್ತು, ಆಗಬಹುದೆಂದೆ.

“ಮೇಲ್ ಹಾಕ್ರಿ ಮೇಡಂ,” ಎಂದರು. “ಅದು ಬಂದ ಮ್ಯಾಲೆ ಮಷಿನ್ ಚಾಲೂ ಮಾಡ್ತೇನಿ.”

ಹಾಕಿದೆ. ಕೆಲಸ ಹೀಗೇ ನಡೆಯಬೇಕು. ಆದರೆ ತಂಗೆವ್ವಾ ಎಂದು ಅವರು ಮತ್ತೆ ಕರೆದಿಲ್ಲ.