ಅಣುವಿಗೆ ಒತ್ತು ಎಲ್ಲಿ?

ನನಗೆ ಇಟಾಲಿಯನ್ ಬರುವುದಿಲ್ಲ. ಆದರೂ ನೆದರ್ಲೆಂಡ್ಸ್‌ನ ಎನ್ಸ್‌ಕೆಡೆಯ ನಮ್ಮ ಪುಟ್ಟ ಕಂಪನಿಯಲ್ಲಿ ಇಟಾಲಿಯನ್ ವಿಜ್ಞಾನದ ಪದಗಳನ್ನು ಅಕ್ಷರ ಅಕ್ಷರ ಬಿಡಿಸಿ, ಎಲ್ಲಿ ಒತ್ತಿ ಹೇಳಬೇಕೆಂದು ಗುರುತು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ ತಂತ್ರಾಂಶ ನಮ್ಮದು. ಕೆಲಸ ಹಂಚಿದ ದಿನ ನಾನು ರಜೆಯಲ್ಲಿದ್ದೆ. ಅದೇ ನನ್ನ ಅರ್ಹತೆ.

ನಾನೇನೂ ಎದೆಗುಂದಲಿಲ್ಲ. ಶಾಲೆಯಲ್ಲಿ ಲಘು-ಗುರು ಹಾಕಿ ಪ್ರಸ್ತಾರ ಮಾಡಿದವಳು. ಒತ್ತಕ್ಷರದ ಹಿಂದಿನದು ಗುರು ತಾನೆ? ‘ಮುಸ್ಕೊಲೊ’ ಎಂದರೆ ಸ್ನಾಯು. ಒತ್ತು ‘ಮು’ ಮೇಲೆ. ‘ಚೆಲ್ಲುಲ’ ಎಂದರೆ ಜೀವಕೋಶ; ಒತ್ತು ‘ಚೆ’ ಮೇಲೆ. ಎರಡೂ ಸರಿಹೋದವು. ನಮ್ಮ ಛಂದಸ್ಸು ರೋಮಿನವರೆಗೂ ನಡೆಯುತ್ತದೆಂದು ಹಿಗ್ಗಿ, ಎಲ್ಲವೂ ಲಘುವಾಗಿದ್ದ ಪದಗಳಿಗೆ ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ಒತ್ತು ಹಾಕಿ ಕೈತೊಳೆದುಕೊಂಡೆ. ಅಣು ಎಂಬರ್ಥದ ಪದ ‘ಕೊ’ ಮೇಲೆ ಒತ್ತು ಬಿದ್ದು ‘ಮೊಲೆಕೋಲ’ ಆಯಿತು. ಮಂಗಳೂರಿನವನಾದ ನನ್ನ ಗಂಡ ಅದನ್ನು ಕೇಳಿ, “ಭೂತಕೋಲ ಗೊತ್ತುಂಟು ಮಾರಾಯ್ತಿ, ಇದು ಯಾವ ಕೋಲ?” ಎಂದ.

ನಮ್ಮ ಮೊದಲ ಕೇಳುಗರು ಸಿಲ್ವಾನಾ ಎಂಬ, ಇಂಗ್ಲಿಷ್ ಬಲ್ಲ ನಿವೃತ್ತ ಜೀವಶಾಸ್ತ್ರದ ಟೀಚರ್. ದೃಷ್ಟಿ ಹೋದ ಮೇಲೆ ಇಟಲಿ ಬಿಟ್ಟು ಮಾಸ್ಟ್ರಿಕ್ಟ್‌ನಲ್ಲಿ ಮಗಳ ಜೊತೆಗಿದ್ದರು. ಹಿಂದೆ ತಾವೇ ಬರೆದಿದ್ದ ಪಠ್ಯಪುಸ್ತಕವನ್ನು ಇನ್ನೊಮ್ಮೆ ಕೇಳಬೇಕೆಂಬುದು ಅವರ ಆಸೆ. ಯಂತ್ರ ಅರ್ಧ ಪುಟ ಓದುವಷ್ಟರಲ್ಲಿ ಅವರ ಫೋನ್ ಬಂತು.

“ನಿಲ್ಲಿಸಮ್ಮ. ಇದು ನಾನು ಬರೆದ ಪುಸ್ತಕ ಅಲ್ಲ.”

ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಶನಿವಾರ ರೈಲು ಹತ್ತಿ ಅವರ ಮನೆಗೆ ಹೋದೆ. ನಾನು ಒಂದೊಂದೇ ಪದ ಓದಿದೆ; ಅವರು ಅದನ್ನು ಸರಿಯಾಗಿ ಹೇಳುತ್ತ, ಒತ್ತು ಬೀಳುವಲ್ಲಿ ಮೇಜು ಕುಟ್ಟಿದರು. ಮೊಲೇಕೊಲ. ಆತೊಮೊ. ಸಂಜೆಯ ಹೊತ್ತಿಗೆ ನನ್ನ ಛಂದಸ್ಸು ಪುಡಿಯಾಗಿತ್ತು, ಪಟ್ಟಿ ಸರಿಯಾಗಿತ್ತು. ಕೊನೆಗೆ, ಮೈ ಊದಿಕೊಂಡರೆ ವೈದ್ಯರು ಬಳಸುವ ಪದ ಬಂತು. ಅವರು ‘ಏದೆಮ’ ಎಂದು ಕುಟ್ಟಿದರು. ನರ್ಸ್ ಆಗಿರುವ ಮಗಳು ಅಡುಗೆಮನೆಯಿಂದಲೇ, “ಎದೇಮ! ಇಟಲಿ ಆಸ್ಪತ್ರೇಲಿ ಎಲ್ಲರೂ ಹಾಗೇ ಹೇಳೋದು” ಎಂದಳು.

“ಆಸ್ಪತ್ರೇಲಿರೋರಿಗೆ ಮೈ ಸರಿಯಿರಲ್ಲ” ಎಂದರು ತಾಯಿ.

ಎರಡೂ ರೂಢಿಯಲ್ಲಿವೆಯಂತೆ. ಹಾಗಿದ್ದೂ ಕಾಲು ಗಂಟೆ ವಾದ ನಡೆಯಿತು. ನಾನು ತಾಯಿಯ ಪಕ್ಷ ಹಿಡಿದು ಗುರುತು ಹಾಕಿಕೊಂಡೆ.

ಮುಂದಿನ ವಾರ ಯಂತ್ರ ಒಂದು ಅಧ್ಯಾಯವನ್ನು ಪೂರ್ತಿ ಓದಿತು. ಸಿಲ್ವಾನಾ ಫೋನ್ ಮಾಡಿದರು. ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

“ಈಗ ಇದು ನನ್ನ ಪುಸ್ತಕ. ಆ ಊತದ ಪದ ಮಾತ್ರ ಮಗಳು ಹೇಳಿದ ಹಾಗೆ ಮಾಡಿಬಿಡು.”

“ಹಾಗಾದ್ರೆ ಅವರು ಹೇಳಿದ್ದೇ ಸರೀನಾ, ಮೇಡಂ?”

“ಅಲ್ಲ. ಆದರೆ ದಿನಾ ಯಂತ್ರದ ಗುಂಡಿ ಒತ್ತಿಕೊಡೋಳು ಅವಳು.”

ನಾನು ಗುರುತನ್ನು ಒಂದಕ್ಷರ ಮುಂದಕ್ಕೆ ಸರಿಸಿದೆ.