ಡ್ರೈವರನ ಮಿಸ್ಡ್ ಕಾಲ್

ದಾವಣಗೆರೆಯ ಆ ನರ್ಸಿಂಗ್ ಹೋಮಿಗೆ ನಾನು ನರ್ಸಾಗಿ ಸೇರಿದ ದಿನ, ಔಷಧಿ ಕಪಾಟು ತೋರಿಸುವ ಮೊದಲೇ ಹಿರಿಯ ಸಿಸ್ಟರ್ ಒಂದು ಫೋನ್ ನಂಬರ್ ಬರೆಸಿದರು. ಡಾಕ್ಟರದ್ದಲ್ಲ, ಅವರ ಕಾರಿನ ಡ್ರೈವರನದ್ದು.

"ಏನೇ ಇದ್ರೂ ಮೊದ್ಲು ಇವನಿಗೆ ಮಾಡು. ಸಾಹೇಬ್ರು ಹೆಂಗದಾರೆ ಕೇಳು. ಸಿಟ್ಟಿನಾಗಿದ್ರೆ ಸುಮ್ನಿರು. ತಣ್ಣಗಾದ್ಮೇಲೆ ಅವನೇ ಮಿಸ್ಡ್ ಕಾಲ್ ಕೊಡ್ತಾನೆ."

ನಮ್ಮ ಡಾಕ್ಟರ ಕೈಗುಣ ದೊಡ್ಡದು, ಬಾಯಿ ಮಾತ್ರ ಗಟಾರ. ಆಪರೇಷನ್ ನಡುವೆ ಕತ್ತರಿ ಕೊಡುವುದು ಒಂದು ಗಳಿಗೆ ತಡವಾದರೆ ಟ್ರೇ ಗೋಡೆಗೆ ಬಡಿಯುತ್ತಿತ್ತು. ಅರಿವಳಿಕೆ ಡಾಕ್ಟರು ಆಗ ಮಾನಿಟರಿನಲ್ಲಿ ಏನೋ ಮಹಾ ಕಾಣುತ್ತಿರುವವರ ಹಾಗೆ ಅತ್ತ ತಿರುಗುತ್ತಿದ್ದರು. ಹಾಲು ಕೊಡೋ ಎಮ್ಮೆ ಒದ್ದರೂ ತಡಕೋಬೇಕು ಎಂದು ಮ್ಯಾನೇಜರ್ ಹಲ್ಲು ಕಿರಿಯುತ್ತಿದ್ದ. ರಿಸೆಪ್ಷನ್ನಿನ ಗೋಡೆಯ ಮೇಲೆ 'ನಾವೆಲ್ಲ ಒಂದೇ ಕುಟುಂಬ' ಎಂಬ ಬೋರ್ಡು ಬೇರೆ. ಸುಳ್ಳೇನಲ್ಲ. ಗಂಡನ ಚಪ್ಪಲಿ ಸದ್ದಿಗೆ ಉಸಿರು ಬಿಗಿಹಿಡಿಯುವ ಮನೆಗಳೂ ಕುಟುಂಬಗಳೇ.

ನಾನೇನು ಕಡಿಮೆ? ವರ್ಷ ತುಂಬುವಷ್ಟರಲ್ಲಿ ಆ ನಂಬರು ನನಗೆ ಬಾಯಿಪಾಠವಾಗಿತ್ತು.

ಅವತ್ತು ಬೆಳಿಗ್ಗೆ ಹದಡಿಯ ಹುಡುಗಿಯೊಬ್ಬಳಿಗೆ ಸಿಸೇರಿಯನ್ ಆಗಿತ್ತು. ಚೊಚ್ಚಲ ಹೆರಿಗೆ, ಹೆಣ್ಣುಕೂಸು. ಮಧ್ಯಾಹ್ನ ಡಾಕ್ಟರು ಎಂದಿನಂತೆ ಹರಿಹರದ ತಮ್ಮ ಕ್ಲಿನಿಕ್ಕಿಗೆ ಹೊರಟರು. ಅವರು ಹೋಗಿ ಒಂದು ಗಂಟೆಯಾದ ಮೇಲೆ ಪ್ಯಾಡ್ ನೋಡಿದರೆ ರಕ್ತದಲ್ಲಿ ತೊಯ್ದು ಹೋಗಿತ್ತು. ಹೊಸದು ಇಟ್ಟೆ, ಅದೂ ತೊಯ್ದಿತು. ನಾಡಿ ಏರುತ್ತಿತ್ತು, ಬಿಪಿ ಇಳಿಯುತ್ತಿತ್ತು. ಡ್ರಿಪ್ ಜೋರು ಮಾಡಿದೆ, ಗರ್ಭಕೋಶ ಬಿಗಿಯಾಗಲೆಂದು ಹೊಟ್ಟೆ ನೀವತೊಡಗಿದೆ, ಡ್ರೈವರನಿಗೆ ಫೋನ್ ಮಾಡಿದೆ.

"ಈಗ ಬ್ಯಾಡ್ರೀ ಸಿಸ್ಟರ್. ಕ್ಲಿನಿಕ್ಕಿನ ಎಸಿ ಕೆಟ್ಟೈತೆ, ಸಾಹೇಬ್ರು ಮೈಮೇಲೆ ಬಂದಂಗೆ ಆಡ್ತದಾರೆ. ತಣ್ಣಗಾಗ್ಲಿ, ಮಿಸ್ಡ್ ಕಾಲ್ ಕೊಡ್ತೀನಿ."

ಸರಿ ಎಂದೆ. ರಕ್ತ ಹರಿದು ಹೋಗುತ್ತಿರುವ ಬಾಣಂತಿಯ ಪಕ್ಕ ನಿಂತು, ಒಂದು ಎಸಿಗೆ ಮರ್ಯಾದೆ ಕೊಟ್ಟು ಸರಿ ಎಂದೆ.

ಇಪ್ಪತ್ತೈದು ನಿಮಿಷ. ಒಂದು ಕೈ ಅವಳ ಹೊಟ್ಟೆಯ ಮೇಲೆ, ಇನ್ನೊಂದು ಕೈಯಲ್ಲಿ ಫೋನು. ಕೂಸನ್ನು ಎತ್ತಿಕೊಂಡು ಕಾಲ ಹತ್ತಿರ ನಿಂತಿದ್ದ ಅವಳ ತಾಯಿ, "ಯಾಕ್ರೀ ಅಕ್ಕಾರೆ, ಹುಡುಗಿ ಇಷ್ಟು ಬೆಳ್ಳಗಾಗ್ಯಾಳೆ?" ಎಂದು ಕೇಳಿದಳು.

"ಡಾಕ್ಟ್ರು ಬರ್ತಾರೆ" ಎಂದೆ. ನಾನಿನ್ನೂ ಅವರನ್ನು ಕರೆದೇ ಇರಲಿಲ್ಲ.

ಕೊನೆಗೆ ಮಿಸ್ಡ್ ಕಾಲ್ ಬಂತು. ನಾನು ಫೋನ್ ಮಾಡಿದ ಕೂಡಲೇ ಡಾಕ್ಟರು ಹೊರಟರು, ಒಂದು ಬೈಗುಳವಿಲ್ಲ. ಆದರೆ ಹರಿಹರದಿಂದ ಬರಲು ಅರ್ಧ ಗಂಟೆ ಬೇಕು. ಮತ್ತೆ ಹೊಟ್ಟೆ ತೆರೆದರು. ಹುಡುಗಿ ಬದುಕಿದಳು, ಗರ್ಭಕೋಶ ಉಳಿಯಲಿಲ್ಲ.

ಡಾಕ್ಟರು ಆಪರೇಷನ್ ಥಿಯೇಟರಿನಿಂದ ಹೊರಬಂದವರೇ ಕೇಸ್ ಶೀಟನ್ನು ನನ್ನ ಕಾಲ ಬುಡಕ್ಕೆ ಬಿಸಾಡಿದರು. "ಇಷ್ಟೊತ್ತು ಏನ್ ಮಾಡ್ತಿದ್ದೆ? ಅರ್ಧ ಗಂಟೆ ಮುಂಚೆ ಕರೆದಿದ್ರೆ ಗರ್ಭಕೋಶ ಉಳೀತಿತ್ತೇನೋ. ಫೋನ್ ಮಾಡೋಕೆ ಏನ್ ರೋಗ? ನಾನೇನು ಹುಲೀನಾ?"

ಮಹಾನುಭಾವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹಿರಿಯ ಸಿಸ್ಟರ್ ನೆಲ ನೋಡಿದರು. ಅರಿವಳಿಕೆ ಡಾಕ್ಟರು ಗಡಿಯಾರ ನೋಡಿದರು. ಡ್ರೈವರನ ವಿಷಯ ಯಾರೂ ಎತ್ತಲಿಲ್ಲ. ನಾನು ಬಗ್ಗಿ ಹಾಳೆಗಳನ್ನು ಆರಿಸಿಕೊಂಡೆ. ಆ ಮನುಷ್ಯನ ಮೇಲೆ ನನಗಿರುವ ಹೇಸಿಗೆ ಇವತ್ತಿಗೂ ಹೋಗಿಲ್ಲ, ಬಗ್ಗಿದ ನನ್ನ ಬೆನ್ನಿನ ಮೇಲಿರುವ ಹೇಸಿಗೆ ಅದಕ್ಕಿಂತ ಹೆಚ್ಚು.

ಊರಿಗೆ ಹೊರಡುವ ದಿನ ಆ ತಾಯಿ ನನ್ನನ್ನು ಹುಡುಕಿಕೊಂಡು ಬಂದಳು. "ಅವತ್ತು ನಮ್ ಹುಡುಗಿ ಹೊಟ್ಟಿ ಮ್ಯಾಲಿಂದ ನೀವು ಕೈ ತೆಗೀಲೇ ಇಲ್ರೀ ಅಕ್ಕಾರೆ" ಎಂದು ಆ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಇನ್ನೊಂದು ಕೈಯಲ್ಲಿ ಫೋನಿತ್ತು ಎಂದು ನಾನು ಹೇಳಲಿಲ್ಲ.